ರಾಗಿಮಾನು ಸರ್ಕಲ್ಲಿನ ಹೊಸ ಇತಿಹಾಸ

ಒಂದು ಊರಿನ ಆತ್ಮ ಇರುವುದು ಅದರ ಚೌಕದಲ್ಲಿ. ನಮ್ಮೂರ ಚೌಕದಲ್ಲಿ ಇದ್ದದ್ದು ಎರಡು ಬೋಂಡಾ ಅಂಗಡಿ, ಒಂದು ಎಸ್‌ಟಿಡಿ ಬೂತು ಮತ್ತು ಯಾವ ಬಸ್ಸಿಗೂ ದಾರಿ ಬಿಡದ ಒಂದು ಬಸವ.

ಊರು ಯಾವುದೆಂದು ಹೇಳುವುದಿಲ್ಲ. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ ಎಲ್ಲೋ ಇದೆ ಎಂದುಕೊಳ್ಳಿ. (ಹೆಸರು ಹೇಳಿದರೆ ಅದಕ್ಕೂ ಒಂದು ಇತಿಹಾಸ ಬರೆದುಬಿಟ್ಟಾರು.) ಚೌಕದ ಹೆಸರು ಮಾತ್ರ ಹೇಳಲೇಬೇಕು: ರಾಗಿಮಾನು ಸರ್ಕಲ್. ಕೋಲಾರದ ಬಸ್ಸು ಬಂದು ನಿಂತರೆ ಕಂಡಕ್ಟರು “ರಾಗಿಮಾನ್, ರಾಗಿಮಾನ್, ಬೇಗ ಇಳೀರಿ” ಎಂದು ಕೂಗುವುದನ್ನು ನಾನು ಚಡ್ಡಿ ಹಾಕುವ ಕಾಲದಿಂದ ಕೇಳಿದ್ದೇನೆ.

ನಮ್ಮ ಗಡಿಯ ಗಾಳಿ ತಾಕದ ಓದುಗರಿಗೆ ಒಂದು ವಿವರಣೆ. ತೆಲುಗಿನಲ್ಲಿ ರಾಗಿಮಾನು ಅಂದರೆ ಅರಳಿಮರ. ಮಾನು ಎಂದರೆ ಮರ. ಮುದ್ದೆಗೆ ಹಾಕುವ ರಾಗಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಚೌಕದ ನಟ್ಟನಡುವೆ ಒಂದು ಭಾರಿ ಅರಳಿಮರ, ಅದಕ್ಕೊಂದು ಕಲ್ಲುಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲುಗಳು. ಇತಿಹಾಸ ಇಷ್ಟೇ. ಸಂತೆಗೆ ಬಂದವರು ಅಲ್ಲಿ ಬುತ್ತಿ ಬಿಚ್ಚಿದರು, ಸಂಬಂಧ ಕುದುರಿಸಿದರು, ಜಗಳವಾಡಿದರು, ಮಲಗಿ ಎದ್ದು ಹೋದರು. ಯಾರೂ ಯುದ್ಧ ಮಾಡಲಿಲ್ಲ. ಪ್ರೇಕ್ಷಣೀಯ ಸ್ಥಳವಾಗಲು ಇದು ಸಾಕೆ?

ಸಾಲದು ಎಂದಿತು ಚೌಕ ಸುಂದರೀಕರಣ ಸಮಿತಿ.

ಸಮಿತಿಗೆ ನನ್ನನ್ನೂ ಸೇರಿಸಿಕೊಂಡಿದ್ದರು. ಪತ್ರಿಕೆಗೆ ಬರೆಯುವವನು ಒಳಗಿದ್ದರೆ ಹೊರಗೆ ಬರೆಯುವುದಿಲ್ಲ ಎಂಬ ಲೆಕ್ಕಾಚಾರ. (ತಪ್ಪಿದೆ. ಓದುತ್ತಿದ್ದೀರಲ್ಲ.) ಅಧ್ಯಕ್ಷರು ನಾರಾಯಣಪ್ಪ, ಮಾವಿನ ಮಂಡಿಯವರು. ಇತಿಹಾಸದ ಹೊಣೆ ಊರೆಲ್ಲ ಮೇಷ್ಟ್ರು ಎನ್ನುವ ರಿಟೈರ್ಡ್ ಲೆಕ್ಚರರ್ ಒಬ್ಬರದು. ಇಬ್ಬರಿಗೂ ಮನೆಯಲ್ಲಿ ತೆಲುಗು, ಮೈಕಿನಲ್ಲಿ ಕನ್ನಡ.

ಮೀಟಿಂಗಿಗೆ ಹೊರಟವನನ್ನು ಚಾಂದ್ ಪಾಷಾ ತಡೆದ. ನನ್ನ ಸ್ಕೂಲಿನ ಗೆಳೆಯ. ಅವನ ಅಪ್ಪನ ಕಾಲದಿಂದಲೂ ಆ ಮರದ ಕೆಳಗೇ ಅವರ ಸೈಕಲ್ ರಿಪೇರಿ.

“ಏನ್ಲಾ, ನಿಮ್ಮ ಕಮಿಟಿ ಮರ ಕಡಿಸ್ತದಂತೆ?”

“ಯಾರು ಹೇಳಿದ್ದು?”

“ಟೇಪ್ ಹಿಡ್ಕೊಂಡ್ ಬಂದು ಅಳ್ತೆ ತಗೊಂಡ್ ಹೋದ್ರು. ಮರಕ್ಕೇನ್ ಷರ್ಟು ಹೊಲಿಸ್ತಾರಾ?”

“ಬೇರೆ ಕಡೆ ಅಂಗ್ಡಿ ಕೊಡ್ಸಿದ್ರೆ ಆಗಲ್ವೇನೋ?”

“ಅಂಗ್ಡಿ ಕೊಡಿಸ್ತೀಯ. ನೆರಳು ಕೊಡಿಸ್ತೀಯಾ? ಈ ಬಿಸಿಲಲ್ಲಿ ಸಲ್ಯೂಷನ್ ಹಚ್ತಿದ್ದಂಗೇ ಒಣಗೋಗ್ತದೆ, ಪ್ಯಾಚ್ ಹಿಡಿಯಲ್ಲ. ಪಂಚರ್ ನಿಲ್ದಿದ್ರೆ ಯಾರ್ ಬರ್ತಾರೆ, ನನ್ ಮುಖ ನೋಡೋಕಾ? ನೀನ್ ಓದ್ದೋನು. ಹೋಗಿ ಹೇಳ್ಲಾ.”

ಹೇಳಲು ಹೋದೆ.

ಮೇಷ್ಟ್ರು ಎದ್ದು ನಿಂತು ಗಂಭೀರವಾಗಿ ಓದಿದರು. ಮಾನ ಎಂದರೆ ಅಳತೆ. ಪಾಳೇಗಾರರ ಕಾಲದಲ್ಲಿ ಇಡೀ ಸೀಮೆಯ ರಾಗಿಯನ್ನು ಇಲ್ಲಿಯೇ ಅಳೆಯುತ್ತಿದ್ದರು. ರಾಗಿಮಾನವೇ ಪಾಮರರ ಬಾಯಲ್ಲಿ ಕೆಟ್ಟು ರಾಗಿಮಾನು ಆಯಿತು. ಆದಕಾರಣ ಚೌಕದ ನಡುವೆ ಆಳೆತ್ತರದ ಸಿಮೆಂಟಿನ ಕೊಳಗ, ಕೊಳಗದಿಂದ ಏಳುವ ರಾಗಿ ತೆನೆಗಳು, ತೆನೆಗಳಿಂದ ಕಾರಂಜಿ. ರಾಗಿ ಬೆಳೆಯುವ ನಮ್ಮ ರೈತರೇ ತೆನೆಯಿಂದ ನೀರು ಚಿಮ್ಮಿದ್ದು ಕಂಡಿಲ್ಲ. ಪ್ರವಾಸಿಗರು ಬಾರದೆ ಇರುತ್ತಾರೆಯೇ?

ಆದರೆ ನಡುವೆ ಎಂದರೆ ಎಲ್ಲಿ? ನಡುವೆ ಮರವಿತ್ತು.

“ಮಾನು ಅಂದ್ರೆ ಮರ ಮೇಷ್ಟ್ರೇ. ತೆಲುಗು ಮಾತು,” ಎಂದೆ.

ನಾರಾಯಣಪ್ಪನವರ ಮುಖ ಕೆಂಪೇರಿತು. “ಮನ ಕನ್ನಡಾನಿಕಿ ಅವಮಾನಂ ಕಾದಾ ಸ್ವಾಮೀ?”

(ನಮ್ಮ ಕನ್ನಡಕ್ಕೆ ಅವಮಾನವಲ್ಲವೇ ಎಂದು ಕೇಳಿದರು. ಕೇಳಿದ್ದು ತೆಲುಗಿನಲ್ಲಿ. ಸಭೆ ಚಪ್ಪಾಳೆ ತಟ್ಟಿತು.)

“ನಿಮ್ಮ ತಾಯಿಯವರು ಅಮಾವಾಸ್ಯೆ ಸೋಮವಾರ ರಾಗಿಮಾನು ಸುತ್ತೋಕೆ ಹೋಗ್ತಿದ್ರಲ್ಲ, ಅದೇನು ರಾಗಿ ಅಳೆಯೋಕಾ?” ಎಂದು ಅವರನ್ನೇ ಕೇಳಿದೆ.

ಯಾರೋ ಕಿಸಕ್ಕೆಂದರು. ನಾರಾಯಣಪ್ಪ ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. ಕುರ್ಚಿ ಹತ್ತಿರಕ್ಕೆಳೆದು ದನಿ ಇಳಿಸಿದರು.

“ಗೊತ್ತು ಬಿಡಿ ಸ್ವಾಮಿ. ಯಾರಿಗ್ ಗೊತ್ತಿಲ್ಲ? ಆದ್ರೆ ಮರ ಅಂತ ಬರೆದ್ರೆ ಮೇಲಿನೋರು ಕಣ್ಣೆತ್ತಿ ನೋಡ್ತಾರಾ? ಮರ ಎಲ್ಲಾ ಊರಲ್ಲೂ ಅದೆ. ಇಂಥಾ ಕೊಳಗ ಎಲ್ಲಿದೆ, ತೋರ್ಸಿ ನೋಡೋಣ?”

ತಪ್ಪು ತಿಳಿದವರನ್ನು ತಿದ್ದಬಹುದು. ಸರಿಯಾಗಿ ತಿಳಿದೂ ಕೊಡಲಿ ತರಿಸುವವರಿಗೆ ಯಾವ ನಿಘಂಟು ತೋರಿಸುವುದು?

ಹಾಗೆಂದು ಸಮಿತಿಯನ್ನು ಕ್ರೂರಿ ಎನ್ನಲಾಗದು. ನನ್ನ ವಯಸ್ಸಿಗೆ ಗೌರವ ಕೊಟ್ಟು, ನೆಡಲಿರುವ ಶಿಲಾಫಲಕದ ಕೊನೆಗೆ ಒಂದು ವಾಕ್ಯ ಸೇರಿಸಲು ಸರ್ವಾನುಮತದಿಂದ ಒಪ್ಪಿದರು: ‘ಇಲ್ಲಿ ಒಂದು ಅರಳಿಮರವೂ ಇತ್ತೆಂದು ಕೆಲವರ ಅಭಿಪ್ರಾಯ.’

“ಇತ್ತು ಅಲ್ಲ ಮೇಷ್ಟ್ರೇ. ಇದೆ,” ಎಂದೆ. ಕೂತಲ್ಲಿಂದಲೇ ಬಾಗಿಲಾಚೆ ಕಾಣುತ್ತಿತ್ತು.

“ಕಲ್ಲಲ್ಲಿ ಕೆತ್ತೋದು ಸ್ವಾಮಿ,” ಎಂದರು ಮೇಷ್ಟ್ರು, ಬಹಳ ಸೌಮ್ಯವಾಗಿ. “ಆಮೇಲೆ ತಿದ್ದೋಕಾಗಲ್ಲ.”

ಹೊರಗೆ ಚಾಂದ್ ಪಾಷಾ ಟ್ಯೂಬೊಂದನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತಲಿಲ್ಲ.

“ಗೆದ್ಯಾ?”

“ಕಲ್ಲಿನ ಮೇಲೆ ಒಂದು ಸಾಲು ಕೊಟ್ಟಿದಾರೆ ಕಣೋ.”

“ಎಷ್ಟ್ ಅಗಲ ಅದೆ ನಿನ್ ಸಾಲು? ಕೆಳಗ್ ಕೂತ್ಕೊಬೌದಾ?”

ಕಡಿಯುವ ದಿನ ಕೊಡಲಿಯವರು ಕೈಕಟ್ಟಿ ನಿಂತರು. ಅರಳಿಮರ, ನಾವು ಮುಟ್ಟಲ್ಲ ಎಂದರು. ಇತಿಹಾಸಕ್ಕೆ ಇಲ್ಲದ ಭಯ ಕೊಡಲಿಗಿತ್ತು. ಸಮಿತಿ ಮುಳಬಾಗಿಲಿನಿಂದ ಪುರೋಹಿತರೊಬ್ಬರನ್ನು ಕರೆಸಿತು. (ದೂರದಿಂದ ನಮಗೆ ನೆಂಟರೇ. ಹೇಳಿಕೊಳ್ಳುವಂಥದ್ದೇನಲ್ಲ.) ಅವರು ಬುಡಕ್ಕೆ ಅರಿಶಿನ ಕುಂಕುಮ ಏರಿಸಿ, ಸಂಸ್ಕೃತದಲ್ಲಿ ಕ್ಷಮೆ ಕೇಳಿ, ಕಣ್ಣೆತ್ತಿ ಕಾದರು. ಎಲೆ ಅಲ್ಲಾಡಿತು. ಮರ ಒಪ್ಪಿದೆ ಎಂದು ಸಾರಿದರು.

ಅರಳಿ ಎಲೆ ಯಾವತ್ತು ಅಲ್ಲಾಡುವುದಿಲ್ಲ?

ನಾಗರಕಲ್ಲುಗಳನ್ನು ಗೌರವದಿಂದ ಪಕ್ಕಕ್ಕಿಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ ಮರ ಬಿತ್ತು. ಕೊಂಬೆಗಳು ಲಾರಿ ಹತ್ತಿ ಮಾಲೂರಿನ ಇಟ್ಟಿಗೆ ಗೂಡಿಗೆ ಹೋದವು. ಚಾಂದ್ ಪಾಷಾ ಪಂಪು, ನೀರಿನ ತೊಟ್ಟಿ, ಸ್ಪ್ಯಾನರುಗಳನ್ನು ಎತ್ತಿನಗಾಡಿಗೆ ಹಾಕಿಕೊಂಡು ಯಲ್ದೂರಿನ ಮಗಳ ಮನೆಗೆ ಹೋದ.