ಬೇಲಿಯ ಕರೆಂಟ್ ತೆಗೆದ ಹೊತ್ತು

ಕಂಪ್ಯೂಟರ್ ಬಂದಾಗ ನಮ್ಮ ಮನೆಯಲ್ಲಿ ಯಾರಿಗೂ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಬೇಕಾಗಿದ್ದು ನನಗೊಬ್ಬಳಿಗೆ, ಅದೂ ತಂಗಿಯ ಜೊತೆ ಮಾತಾಡುವುದಕ್ಕೆ. ಹಾಸನದಲ್ಲಿದ್ದ ನನ್ನ ತಂಗಿಗೆ ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಎರಡು ಕಿವಿಯೂ ಕೇಳದಾಗಿತ್ತು. ಫೋನ್ ಮಾಡಿ ಏನು ಪ್ರಯೋಜನ? ಮೊಬೈಲಿನಲ್ಲಿ ಮೆಸೇಜ್ ಕಳಿಸೋಣವೆಂದರೆ ನಮ್ಮ ಬಾಳೂರಿನ ಕಡೆ ಆಗ ಸಿಗ್ನಲ್ ಎಲ್ಲಿತ್ತು! ಅದಕ್ಕೇ ಫೋನಿನ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಸಂಜೆ ಏಳಕ್ಕೆ ನಾನಿಲ್ಲಿ, ಅವಳಲ್ಲಿ ಕೂತು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿಕೊಂಡು ಚಾಟ್ ಮಾಡುತ್ತಿದ್ದೆವು.

ಮೊದಲ ಮಳೆಗಾಲ ಹೇಗೋ ಸಾಗಿತು. ಹಿಂಗಾರು ಶುರುವಾದದ್ದೇ ಲೈನ್ ನಿಲ್ಲದಾಯಿತು. ಫೋನ್ ಲೈನಿಗೂ ಕಂಪ್ಯೂಟರಿಗೂ ನಡುವೆ ಕೂತ ಮೋಡೆಮ್ ಕಿರುಚಿ, ಗೊರಗುಟ್ಟಿ ಸುಮ್ಮನಾದರೆ ಲೈನ್ ಸಿಕ್ಕಿತು ಅಂತ ಅರ್ಥ. ಅವಳು ‘ಏನಡುಗೆ’ ಅಂತ ಕೇಳುತ್ತಾಳೆ, ನಾನು ‘ಕೆಸುವಿನ’ ಅಂತ ಕುಟ್ಟುವಷ್ಟರಲ್ಲಿ ಕಟ್. ಮತ್ತೆ ಡಯಲ್ ಮಾಡು, ಮತ್ತೆ ಆ ಕಿರುಚಾಟ ಕೇಳು. ಅತ್ತ ‘ಸೊಪ್ಪಿನ ಪಲ್ಯ’ ಮುಟ್ಟುವ ಹೊತ್ತಿಗೆ ಇತ್ತ ಒಲೆ ಮೇಲಿನದು ಸೀದಿರುತ್ತಿತ್ತು. ತಲೆ ಚಿಟ್ಟು ಹಿಡಿದು ಹೋಗುತ್ತಿತ್ತು ನನಗೆ.

ಗುಡುಗಿನ ಕಾಲವಲ್ಲವೇ, ಮೋಡೆಮ್ ಸುಟ್ಟಿರಬೇಕು ಅಂದರು ಎಲ್ಲರೂ. ಮೂಡಿಗೆರೆಯ ಕಂಪ್ಯೂಟರ್ ಅಂಗಡಿಯವನು ಜೀಪಿನಲ್ಲಿ ಬಂದು ಮೋಡೆಮ್ ಬದಲಾಯಿಸಿದ. ಇನ್ನೊಂದು ಸಲ ಬಂದು ಕಂಪ್ಯೂಟರಿನೊಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದ. ಮಕ್ಕಳ ಫೋಟೋಗಳೂ ಅದರ ಜೊತೆಗೇ ಹೋದವು. ಕೊನೆಗೆ ತಪ್ಪು ಲೈನಿನದು ಅಂದ. ಲೈನ್‌ಮನ್ ಬಂದು ಮರದಿಂದ ಮರಕ್ಕೆ ಎಳೆದಿದ್ದ ವೈರಿನ ಜಾಯಿಂಟ್‌ಗಳನ್ನೆಲ್ಲ ಬಿಚ್ಚಿ ಕಟ್ಟಿ, ಕಾಫಿ ಕುಡಿದು, ತಪ್ಪು ಕಂಪ್ಯೂಟರಿನದು ಅಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಫೋನ್ ಎತ್ತಿದರೆ ಟಿಕ್ ಟಿಕ್ ಅನ್ನುತ್ತಿತ್ತು ನಿಜ. ಆದರೆ ನಮ್ಮ ಕಡೆ ಗೊರಗೊರ ಇಲ್ಲದೆ ಫೋನ್ ಕೇಳಿಸಿದರೇ ಆಶ್ಚರ್ಯ. ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ನನ್ನ ಸುಸ್ತು ನನಗಿರಲಿ, ಅವಳ ಸಂಕಟ ಬೇರೆಯೇ ಇತ್ತು. ಕಿವಿ ಹೋದವರ ಜೊತೆ ಜನ ಎಷ್ಟು ಹೊತ್ತು ಮಾತಾಡುತ್ತಾರೆ ಹೇಳಿ. ಒಂದು ಸಲ ಹೇಳುತ್ತಾರೆ, ಇನ್ನೊಂದು ಸಲ ಜೋರಾಗಿ ಹೇಳುತ್ತಾರೆ, ಆಮೇಲೆ ‘ಏನಿಲ್ಲ ಬಿಡು’ ಅಂತ ಕೈ ಆಡಿಸಿಬಿಡುತ್ತಾರೆ. ಮನೆಯವರು, ನೆಂಟರು, ಅವಳು ಎತ್ತಿ ಆಡಿಸಿದ ಮಕ್ಕಳು, ಎಲ್ಲರೂ ಅಷ್ಟೆ. ಹಾಗೆ ಅರ್ಧಕ್ಕೆ ಬಿಡದವಳು ನಾನೊಬ್ಬಳೇ ಅಂತ ಅವಳೇ ಬರೆದಿದ್ದಳು. ಈಗ ದಿನಾ ಸಂಜೆ ನಾನೂ ಅರ್ಧಕ್ಕೇ ಮಾಯವಾಗುತ್ತಿದ್ದೆ. ಒಂದು ದಿನ ಹೀಗೆ ಕಟ್ ಆಗಿ ಮತ್ತೆ ಚಾಟಿಗೆ ಹೋದಾಗ ಅವಳ ಒಂದೇ ಸಾಲು ಕಾದಿತ್ತು. ‘ಕಷ್ಟ ಆದ್ರೆ ಬಿಡು ಅಕ್ಕ, ನಂಗೆ ಅಭ್ಯಾಸ ಆಗಿದೆ.’

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳ ಗಂಡನಿಗೆ ಫೋನ್ ಮಾಡಿದೆ. ಕಂಪ್ಯೂಟರ್ ಹತ್ತಿರ ಹೋಗ್ತಾ ಇಲ್ಲ, ಯಾರ ಹತ್ತಿರವೂ ಮಾತಿಲ್ಲ, ಊಟಕ್ಕೂ ಕರೆದರೆ ಬರುತ್ತಾಳೆ ಅಷ್ಟೆ ಅಂದರು ಅವರು. ಅವಳೇ ಬಾಯಿ ಮುಚ್ಚಿಕೊಂಡರೆ ಮುಗಿಯಿತು, ಇನ್ನು ಅವಳನ್ನು ಯಾರೂ ಹೊರಗೆ ತರಲಾರರು ಅಂತ ನನಗೆ ಹೆದರಿಕೆಯಾಯಿತು. ನನ್ನ ಸಿಟ್ಟೆಲ್ಲ ಆ ಪೆಟ್ಟಿಗೆಯ ಮೇಲೆ. ಅಂಗಳಕ್ಕೆ ಎಸೆಯುವಷ್ಟು ರೋಷ ಬರುತ್ತಿತ್ತು. ಆದರೂ ಏಳಕ್ಕೆ ಕೂರುವುದನ್ನು ಬಿಡಲಿಲ್ಲ.

ಆಮೇಲೆ ಒಂದು ವಾರ ಮೋಡ ಮುಚ್ಚಿಕೊಂಡು ಕೂತಿತು. ಒಣಗಲು ಹಾಕಿದ ಕಾಫಿಗೆ ಟಾರ್ಪಾಲು ಹೊದಿಸಿ, ತೆಗೆದು, ಮತ್ತೆ ಹೊದಿಸಿ ಸೊಂಟ ಬಿದ್ದುಹೋಗಿತ್ತು. ಅಂಥ ಒಂದು ಸಂಜೆ ಡಯಲ್ ಮಾಡಿದರೆ ಲೈನ್ ಸಿಕ್ಕಿತು, ಸಿಕ್ಕಿದ್ದು ಹೋಗಲೇ ಇಲ್ಲ. ಸುಮ್ಮನೆ ಕೂತು ನೋಡಿದೆ. ಅಕ್ಕಿ ಆರಿಸಿ, ಬಂದು ನೋಡಿದೆ. ಇನ್ನೂ ಇದೆ. ಮಾತಾಡಬೇಕಾದವಳೇ ಇಲ್ಲ. ಎಂಥಾ ಹಣೆಬರಹ ಅಂತ ಅಲ್ಲೇ ಅತ್ತೆ.

ಬೆಳಗಾದರೆ ಗದ್ದೆಯ ಒಂದು ಮೂಲೆಯನ್ನು ಹಂದಿಗಳು ಮಗುಚಿ ಹಾಕಿದ್ದವು. ಬಿಸಿಲಿಲ್ಲದೆ, ಹಂದಿ ತಡೆಯಲು ಹಾಕಿದ ಸೋಲಾರ್ ಬೇಲಿಯ ಬ್ಯಾಟರಿ ಸತ್ತಿದೆ, ರಾತ್ರಿಯಿಡೀ ಬೇಲಿಯಲ್ಲಿ ಕರೆಂಟೇ ಇರಲಿಲ್ಲ ಅಂತ ನನ್ನ ಗಂಡ ಗೊಣಗಿಕೊಂಡು ಬಂದರು. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಹೋಗಿ ಫೋನ್ ಎತ್ತಿದೆ. ಟಿಕ್ ಟಿಕ್ ಇಲ್ಲ. ಆ ಬೇಲಿ ಹಾಕಿದ್ದು ಹಿಂಗಾರಿಗೆ ಸ್ವಲ್ಪ ಮೊದಲು. ಬೇರೆ ಕಂಬ ಯಾಕೆ ಅಂತ, ಫೋನ್ ವೈರ್ ಬಂದ ತೋಟದ ಸಿಲ್ವರ್ ಓಕ್ ಮರಗಳಿಗೇ ಬೇಲಿ ತಂತಿಯನ್ನೂ ಇವರು ಬಿಗಿದಿದ್ದರು. ಬೇಲಿಯಲ್ಲಿ ಕರೆಂಟ್ ಮಿಡಿದಾಗೆಲ್ಲ ಫೋನಿನಲ್ಲಿ ಟಿಕ್ ಅನ್ನುತ್ತಿತ್ತು, ಆ ಟಿಕ್ಕಿಗೇ ಕಂಪ್ಯೂಟರಿನ ಲೈನ್ ಕಟ್ ಆಗುತ್ತಿತ್ತು. ಅದನ್ನು ಬಿಟ್ಟು ಪಾಪ, ಊರಿನ ಸಿಡಿಲಿಗೆಲ್ಲ ಬೈದಿದ್ದೆವು.

ಇವರಿಗೆ ಹೇಳಿದೆ. ನಂಬಲಿಲ್ಲ. ಬ್ಯಾಟರಿ ಚಾರ್ಜ್ ಆದ ಮೇಲೆ ತಾವೇ ಫೋನ್ ಕಿವಿಗಿಟ್ಟು, ನನ್ನಿಂದ ಬೇಲಿ ಆನ್ ಆಫ್ ಮಾಡಿಸಿ ನೋಡಿದರು. ಟಿಕ್ ಬಂದು ಹೋಗುವುದು ಕೇಳಿ ಒಪ್ಪಿಕೊಂಡರು. ಬೇಲಿ ಬೇರೆ ಕಡೆ ಹಾಕಲು ಆಳಿಲ್ಲ, ಎಲ್ಲರೂ ಕಾಫಿ ಕುಯ್ಲಿನಲ್ಲಿದ್ದರು. ಗದ್ದೆಯಲ್ಲಿ ತೆನೆ ಬಾಗಿತ್ತು. ಬೇಲಿ ಆಫ್ ಮಾಡಿ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ವರ್ಷದ ಅನ್ನ ಅದು. ಕೊನೆಗೆ ಅವರೇ ಅಂದರು, ‘ಏಳರಿಂದ ಎಂಟರ ತನಕ ಆಫ್ ಮಾಡ್ತೀನಿ. ಹಂದಿ ನಾನು ನೋಡ್ಕೊಳ್ತೀನಿ, ನೀನು ತಂಗಿನ ನೋಡ್ಕೋ ಮಾರಾಯ್ತಿ.’

ತಂಗಿಯ ಗಂಡನಿಗೆ ಮತ್ತೆ ಫೋನ್ ಮಾಡಿ, ನಾನು ಬಿಟ್ಟು ಹೋದದ್ದಲ್ಲ, ಹಂದಿ ಬೇಲಿಯ ಕಿತಾಪತಿ ಅಂತ ಒಂದು ಚೀಟಿಯಲ್ಲಿ ಬರೆದು ತೋರಿಸಿ ಅಂತ ಬೇಡಿಕೊಂಡೆ. ಮೊದಲ ದಿನ ಬರಲಿಲ್ಲ. ಎರಡನೆಯ ದಿನ ಬಂದಳು. ‘ಹೂಂ’ ಅಂತ ಒಂದು ಮಾತು. ನಾನೇ ಏನೇನೋ ಕುಟ್ಟಿದೆ, ಅವಳದು ಹೂಂ, ಊಹೂಂ. ಕುಟ್ಟಿ ಕುಟ್ಟಿ ಕೈ ಸೋತಿತು. ಆಗ ಕೇಳಿದಳು, ಭಾವ ಎಲ್ಲಿ ಅಂತ. ಗದ್ದೆ ಬದುವಿನಲ್ಲಿ ಚಳಿಯಲ್ಲಿ ನಿಂತು ಹಂದಿ ಓಡಿಸಲು ಎಣ್ಣೆ ಡಬ್ಬ ಬಡೀತಿದ್ದಾರೆ, ನಾವು ಮಾತಾಡಲಿ ಅಂತ ಬೇಲಿ ಆಫ್ ಮಾಡಿದ್ದಾರೆ ಅಂದೆ.

ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಬಂತು, ‘ಆ ಡಬ್ಬ ಹೇಗೆ ಕೇಳ್ಸುತ್ತೆ? ಬರಿ.’

ಕಿವಿ ಹೋದ ಮೇಲೆ ಅವಳು ಒಂದು ಶಬ್ದದ ಬಗ್ಗೆ ಕೇಳಿದ್ದು ಅದೇ ಮೊದಲು. ಕಿಟಕಿ ತೆಗೆದೆ. ಅವರು ಬಡಿದ ಹಾಗೇ ನಾನೂ ಕುಟ್ಟಿದೆ, ಡಬ ಡಬ, ನಿಂತರೆ ನಿಂತು, ಮತ್ತೆ ಡಬ ಡಬ ಡಬ. ಒಂದು ಪುಟ ತುಂಬಿತು. ಮೂರ್ಖಳ ಹಾಗೆ ಕಾಣುತ್ತಿರಬೇಕು ಅನ್ನಿಸಿ, ಕೇಳಿಸಿತೇನೇ ಅಂತ ಕೇಳಿದೆ.

‘ಕೇಳಿಸ್ತು ಅಂತ ಸುಳ್ಳು ಹೇಳಲ್ಲ ಅಕ್ಕ,’ ಅಂತ ಬರೆದಳು. ‘ಆದ್ರೆ ನಿಲ್ಲಿಸ್ಬೇಡ.’