ಸಂಚಿಗೆ ಹಿಡಿಸುವ ಫೋನು

ಅಹಮದಾಬಾದಿನ ಅಂಗಡಿಯಲ್ಲಿ ಮಗ ಎರಡು ಫೋನು ನನ್ನ ಮುಂದಿಟ್ಟ. ಒಂದು ಅಗಲದ್ದು, ಇನ್ನೊಂದು ಅಂಗೈಯಷ್ಟು.

“ಅವ್ವಾ, ದೊಡ್ಡದು ತಗೋ. ಒಮ್ಮೆ ಚಾರ್ಜ್ ಮಾಡಿದ್ರ ಎರಡು ದಿನ ಬರ್ತೈತಿ. ಸಣ್ಣದು ಮಧ್ಯಾಹ್ನಕ್ಕ ಮಲಗಿಬಿಡ್ತೈತಿ.”

ನಾನು ಸೊಂಟದಿಂದ ಎಲೆಅಡಿಕೆಯ ಸಂಚಿ ತೆಗೆದು ಎರಡನ್ನೂ ತೂರಿಸಿ ನೋಡಿದೆ. ದೊಡ್ಡದರ ತಲೆ ಹೊರಗೇ ಉಳಿಯಿತು.

“ಸಂಚಿಗೆ ಹಿಡಿಸೂದಿಲ್ಲಪ್ಪ. ಸಣ್ಣದ ಇರ್ಲಿ.”

“ಸಂಚಿ ಅಳತಿ ನೋಡಿ ಫೋನ್ ತಗೊಳ್ಳಾಕಿ ಇಡೀ ಗುಜರಾತಿನ್ಯಾಗ ನೀ ಒಬ್ಬಾಕಿನ!” ಎಂದು ನಕ್ಕ.

ಸೂರತ್‌ನಲ್ಲಿದ್ದ ಮಗಳು ಚೊಚ್ಚಲ ಬಸುರಿ. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಆಕೆ ತವರಿಗೆ ಬರಲಾಗದೆ, ಬಾಣಂತನಕ್ಕೆ ನಾನೇ ಹೊರಟೆ. ಅಂಟಿನ ಉಂಡೆ ಕಟ್ಟಿಕೊಂಡು ರೈಲು ಹತ್ತಿದೆ. ಅಜ್ಜಿಯಾಗುವ ಖುಷಿಗೆ ಮುಂಜಾನೆಯಿಂದ ಫೋನು ಕೆಳಗಿಟ್ಟಿರಲಿಲ್ಲ. ಊರಿನ ಬಳಗಕ್ಕೆಲ್ಲ ವಿಡಿಯೋದಲ್ಲಿ ಹೇಳಿದ್ದೇ ಹೇಳಿದ್ದು.

ವಡೋದರಾ ದಾಟುವಾಗ ಅಳಿಯನ ಕರೆ ಬಂತು.

“ಅತ್ತಿ, ಬ್ಯಾನಿ ಶುರುವಾಗ್ಯಾವ್ರಿ. ಒಳಗ ಕರ್ಕೊಂಡು ಹೋದ್ರು. ಡಾಕ್ಟ್ರು ಏನಂತಾರಂದ್ರ…”

ಅಷ್ಟೇ. ಫೋನು ಕಪ್ಪಾಯಿತು.

ಏನಂತಾರೆ? ಗುಂಡಿ ಒತ್ತಿದೆ, ಸೆರಗಿನಿಂದ ಒರೆಸಿದೆ, ಮತ್ತೆ ಒತ್ತಿದೆ. ಚಾರ್ಜರ್ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ, ಮಗನ ಮನೆಯ ಗೋಡೆಗೇ ನೇತಾಡುತ್ತಿತ್ತು. ಎದುರಿಗಿದ್ದ ಗುಜರಾತಿ ಹೆಂಗಸಿನ ಬಳಿಯೂ ಚಾರ್ಜರ್ ಇರಲಿಲ್ಲ. ತನ್ನ ಫೋನನ್ನೇ ಚಾಚಿ, “ಬಾ, ನಂಬರ್ ಬೋಲೋ” ಎಂದಳು. ಇಲ್ಲಿ ತಾಯಂದಿರನ್ನು ‘ಬಾ’ ಎಂದೇ ಕರೆಯುತ್ತಾರೆ. ನನಗೆ ಒಬ್ಬರ ನಂಬರೂ ಬಾಯಿಗೆ ಬರುವುದಿಲ್ಲ. ಎಲ್ಲ ಆ ಕಪ್ಪು ಗಾಜಿನೊಳಗೇ ಇದ್ದವು.

ನನ್ನ ಅಕ್ಕ ಚೊಚ್ಚಲ ಹೆರಿಗೆಯಲ್ಲೇ ಹೋದವಳು. ಅವಳನ್ನು ಒಳಗೆ ಕರೆದೊಯ್ದ ಬಾಗಿಲು ಕಣ್ಣ ಮುಂದೆ ಬಂತು. ತೊಡೆಯ ಮೇಲಿದ್ದ ಉಂಡೆಯ ಡಬ್ಬಿಯಿಂದ ತುಪ್ಪದ ವಾಸನೆ ಬರುತ್ತಿತ್ತು. ಇದನ್ನು ತಿನ್ನುವವಳು ಇರುತ್ತಾಳೋ ಇಲ್ಲವೋ! ಬೇಡವೆಂದರೂ ಮನಸ್ಸು ಅದನ್ನೇ ಕೇಳುತ್ತಿತ್ತು.

ಸೂರತ್ ಬಂತು. ಅಳಿಯ ಒಬ್ಬನೇ ಓಡಿ ಬರುತ್ತಿದ್ದ. ಅವನ ಕಣ್ಣು ಕೆಂಪಾಗಿದ್ದವು.

“ಫೋನ್ ಯಾಕ ಬಂದ್ ಮಾಡೀರಿ ಅತ್ತಿ? ನನ್ನ ಜೀವಾನ ಹೋಗಿತ್ತು! ಆಪರೇಷನ್ ಮಾಡಿದ್ರು. ಹೆಣ್ಣು ಕೂಸು! ಇಬ್ರೂ ಆರಾಮ ಅದಾರ್ರಿ!”

ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತೆ, ನಕ್ಕೆ. ಡಬ್ಬಿ ತೆರೆದು, ನನ್ನ ಜೊತೆಗೇ ಇಳಿದಿದ್ದ ಆ ಗುಜರಾತಿ ಹೆಂಗಸಿಗೆ, ಹಮಾಲರಿಗೆ, ಕಂಡಕಂಡವರಿಗೆ ಉಂಡೆ ಹಂಚಿದೆ. “ಬಾಣಂತಿಗೆ ಒಂದರ ಉಳಸ್ರಿ” ಎಂದು ಅಳಿಯನೇ ಡಬ್ಬಿ ಕಸಿದುಕೊಂಡ.

ಈಗ ದೊಡ್ಡ ಫೋನು ಬಂದಿದೆ. ಮಲಗಿರುವ ಮೊಮ್ಮಗಳ ಪಕ್ಕ ಕೂತು, ಹಳೆ ಸೀರೆಯ ಮೇಲೆ ಅದನ್ನಿಟ್ಟು ಅಳತೆ ಹಿಡಿದು ಹೊಸ ಸಂಚಿ ಹೊಲಿಯುತ್ತಿದ್ದೇನೆ. ಬಳಗಕ್ಕೆಲ್ಲ ಕೂಸಿನ ಮುಖ ತೋರಿಸಿ ಮುಗಿಸಿದರೂ ಬ್ಯಾಟರಿ ಅರ್ಧವೂ ಇಳಿದಿಲ್ಲ. ಆದರೂ ಸಂಚಿಗೆ ಇನ್ನೊಂದು ಪದರ ಸೇರಿಸಿದ್ದೇನೆ, ಚಾರ್ಜರಿಗೆ.