ಪೈಲ್ವಾನರ ಬಲ ಹೆಗಲು

ಆಷಾಢದಲ್ಲಿ ಮದುವೆಗಳಿಲ್ಲ. ಮದುವೆಗಳಿಲ್ಲದಿದ್ದರೆ ರಾಯಚೂರಿನಲ್ಲಿ ವಿಡಿಯೋ ಸ್ಟುಡಿಯೋ ನಡೆಸುವ ನನ್ನ ಹೆಂಡತಿಯ ತಮ್ಮನಿಗೆ ಕೆಲಸವಿಲ್ಲ. ಅವನಿಗೆ ಕೆಲಸವಿಲ್ಲದಿದ್ದರೆ ನನಗೆ ನೆಮ್ಮದಿಯಿಲ್ಲ. ಒಂದು ಆಷಾಢದಲ್ಲಿ ಡ್ರೋನ್ ಹಾರಿಸಲು ಕಲಿಯುತ್ತೇನೆಂದು ಅದನ್ನು ನಮ್ಮ ಮನೆಯ ನೀರಿನ ಟ್ಯಾಂಕಿನೊಳಗೆ ಇಳಿಸಿದ್ದ. ಈ ವರ್ಷ, ಸಿನಿಮಾ ಮಾಡುತ್ತೇನೆ ಎಂದ.

ಕಥೆ ಇಷ್ಟೇ. ಮಾನ್ವಿ ಹತ್ತಿರದ ಒಂದು ಪಾಳು ರೈಸ್ ಮಿಲ್ಲಿನಲ್ಲಿ ಮೂರು ದೆವ್ವಗಳು ಸೇರಿಕೊಂಡಿವೆ: ರಕ್ತ ಹೀರುವವನು, ಹುಣ್ಣಿಮೆಗೆ ತೋಳವಾಗುವವನು, ಮೈತುಂಬ ಬ್ಯಾಂಡೇಜು ಸುತ್ತಿಕೊಂಡ ಸಾವಿರ ವರ್ಷದ ಹೆಣ. ಮಿಲ್ಲು ಯಾರದ್ದು ಎಂಬ ಜಗಳ ತೀರಿಸಲು ಅವು ಟೀವಿಯಲ್ಲಿ ಬರುತ್ತದಲ್ಲ, ಹಾಗೆ ಹಗ್ಗ ಕಟ್ಟಿದ ಅಖಾಡದಲ್ಲಿ ಕುಸ್ತಿ ಆಡುತ್ತವೆ. ಜನ ಹೆದರಬೇಕು, ನಗಲೂ ಬೇಕು. ಕೊನೆಗೆ ಎಲ್ಲರಿಗಿಂತ ಬಡಕಲಾದ ಹೆಣ ತೋಳವನ್ನು ಚಿತ್ ಮಾಡಿ ಗೆಲ್ಲುತ್ತದೆ.

"ಹೆಣ ನೀವ ಆಗಬೇಕು ಮಾಮಾ. ಮಾತಿಲ್ಲ, ಕತಿಯಿಲ್ಲ. ಬರೇ ನಡದ್ರ ಸಾಕು."

"ನನಗ ಬಿಪಿ ಅದಲೇ."

"ಹೆಣಕ್ಕೆಲ್ಲಿ ಬಿಪಿ?"

ಅಡುಗೆಮನೆಯಿಂದ ನನ್ನ ಹೆಂಡತಿ, "ಮೇಕಪ್ಪಿನ ಖರ್ಚೂ ಇಲ್ಲ ಬಿಡು," ಎಂದಳು.

ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ವಯಸ್ಸು ಐವತ್ತೊಂದು. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಫ್ಯಾನಿನ ಕೆಳಗೆ ಮಲಗಿದರೆ ಅದರ ಕೊಕ್ಕೆಯ ಚಿಂತೆ. ಇಂಥವನು ಒಪ್ಪಿದ್ದೇಕೆ ಎಂದರೆ, ಒಪ್ಪದಿದ್ದರೆ ಅವನು ಮತ್ತೆ ಡ್ರೋನ್ ತೆಗೆಯುತ್ತಾನೆಂಬ ಚಿಂತೆ. ರಕ್ತ ಹೀರುವವನ ಪಾತ್ರಕ್ಕೆ ಸ್ಟುಡಿಯೋದ ಎಡಿಟರ್ ಸಿಕ್ಕ. ಹಗಲು ಹೊರಗೆ ಬಾರದವನು ಹೇಗೂ ಅವನೇ. ತೋಳಕ್ಕಾಗಿ ನಾನೂ ನನ್ನ ಹೆಂಡತಿಯ ತಮ್ಮನೂ ದೇವದುರ್ಗದ ಮೇಲೆ ಹಾಯ್ದು ಮಸರಕಲ್ಲಿಗೆ ಹೋದೆವು.

ಅಲ್ಲೊಬ್ಬ ಪೈಲ್ವಾನರಿದ್ದರು. ಅರವತ್ತು ದಾಟಿದೆ, ಈಗ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತಾರೆ. ಪ್ರಾಯದಲ್ಲಿ ಸುತ್ತಲಿನ ಅಖಾಡಗಳಲ್ಲೆಲ್ಲ ಆಡಿದವರು, ಸೋಲು-ಗೆಲುವಿಲ್ಲದೆ ಸಮಸಮ ಬಿಡಿಸಿಕೊಂಡದ್ದುಂಟು, ಬೆನ್ನಿಗೆ ಮಾತ್ರ ಮಣ್ಣು ಹತ್ತಿಲ್ಲ ಎಂದು ಆ ಭಾಗದಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಹೆಂಡತಿಯ ತಮ್ಮ, ಮದುವೆ ಮನೆಗಳಲ್ಲಿ ಓಡಾಡಿ ಬಂದ ರೂಢಿಯಂತೆ, ಹಿರಿಯರನ್ನು ಬರಿಗೈಯಲ್ಲಿ ಕರೆಯಬಾರದೆಂದು ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಮುಂದೆ ಹಿಡಿದ. ಪೈಲ್ವಾನರು ಎದ್ದುಹೋಗಿ ಕೈಕಾಲು ತೊಳೆದುಕೊಂಡು ಬಂದು, ವೀಳ್ಯವನ್ನು ಕಣ್ಣಿಗೊತ್ತಿಕೊಂಡರು.

"ಜೋಡಿ ಯಾರು?"

ಅವನು ನನ್ನನ್ನು ತೋರಿಸಿದ. ಪೈಲ್ವಾನರು ಸಂತೆಯಲ್ಲಿ ಎಮ್ಮೆ ನೋಡುವಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇರ್ಲಿ. ವೀಳ್ಯ ಹಿಡದೀನಿ," ಎಂದರು.

ಚಹಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು ನನಗೆ ಹೇಳಿದರು: "ನನ್ನ ಮೈಮ್ಯಾಲ ಬಂಗಾರ ಇಲ್ಲರೀ ಮಾಸ್ತರ. ಈ ಮನುಷ್ಯಾನ ಬೆನ್ನ ನೋಡಕೋತ ಸಂಸಾರ ಮಾಡೀನಿ. ನೀವು ಅದರ ಮ್ಯಾಲ ಏನೂ ಕಿತಾಪತಿ ಮಾಡಬ್ಯಾಡ್ರಿ."

ಬಸ್ಸಿನಲ್ಲಿ ನಾನು ಕೇಳಿದೆ, "ಕಡೀಕ ತೋಳ ಸೋಲತದ ಅಂತ ಹೇಳೀಯೇನು?"

"ನೀವ ಹೇಳ್ರಿ ಮಾಮಾ. ಮಾಸ್ತರ ಮಂದಿ ಹೇಳಿದ್ರ ಕೇಳ್ತಾರ."

ಅಲ್ಲಿಂದ ಶುರುವಾಯಿತು. ಹೇಗೆ ಹೇಳುವುದೆಂದು ಹದಿನೈದು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿದ್ದವನು ಪ್ರತಿ ಸಲವೂ ಒಪ್ಪುತ್ತಿದ್ದ. ಪೈಲ್ವಾನರೆದುರು ಮಾತ್ರ ಬಾಯಿ ಬರಲಿಲ್ಲ. ಮಿಲ್ಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಹಗಲನ್ನೇ ರಾತ್ರಿ ಮಾಡಿ ಎರಡು ದಿನ ಶೂಟಿಂಗ್ ನಡೆಯಿತು. ಹಲಗೆಗಳ ಮೇಲೆ ತೌಡಿನ ಚೀಲ ಜೋಡಿಸಿ, ಮಳೆಗೆ ಹೊದಿಸುವ ತಾಡಪತ್ರಿ ಹಾಸಿದ ಅಖಾಡ. ಪೈಲ್ವಾನರ ಹೆಂಡತಿಯೇ ಎರಡು ಕರಿ ಕಂಬಳಿ ಕೂಡಿಸಿ ತೋಳದ ಮೈ ಹೊಲಿದು ಕಳಿಸಿದ್ದರು. ನನಗೆ ಹಳೆಯ ಧೋತರ ಹರಿದು ಸುತ್ತಿದ್ದರು; ಅದರೊಳಗೆ ಉಸಿರು ಕಟ್ಟುತ್ತದೋ ಇಲ್ಲವೋ ಎಂದು ನೋಡಲು ನಾನು ಪದೇ ಪದೇ ಉಸಿರು ಹಿಡಿದು ನೋಡುತ್ತಿದ್ದೆ.

ಮೂರನೆಯ ದಿನ ಕೊನೆಯ ಕುಸ್ತಿ. ಇನ್ನು ಮುಂದೂಡಲು ದಿನವಿರಲಿಲ್ಲ.

"ಪೈಲ್ವಾನ್ರ, ಈಗ ನೀವು ಬೀಳಬೇಕಾಗತದರೀ."

"ಕೆಡವ್ರಿ, ಬೀಳ್ತೀನಿ."

"ಅಲ್ರೀ, ನಾನು ಕೆಡವಿದಂಗ ಮಾಡ್ತೀನಿ, ನೀವು ಬಿದ್ದಂಗ ಮಾಡಬೇಕು."

ಅವರು ತೋಳದ ಮುಖವಾಡ ತೆಗೆದರು. ಕೆಳಗಿದ್ದ ಮುಖ ಅದಕ್ಕಿಂತ ಗಂಭೀರವಾಗಿತ್ತು. "ಮಾಸ್ತರ್ರ, ನಾಟಕಕ್ಕ ಕರದಿದ್ರ ಚಾ ಕುಡಿಸಿ ಕರೀಬೇಕಿತ್ತು. ನೀವು ವೀಳ್ಯ ಕೊಟ್ಟೀರಿ. ವೀಳ್ಯ ಹಿಡದ ಕುಸ್ತಿ ಖರೇನ ಆಡಬೇಕು. ಸುಳ್ಳ ಬಿದ್ರ ನನ್ನ ಉಸ್ತಾದ ಮಣ್ಣಾಗ ಮಲಗಲಾರದ ಎದ್ದ ಬರ್ತಾನ."

ನನ್ನ ಹೆಂಡತಿಯ ತಮ್ಮ ನಡುವೆ ಬಾಯಿ ಹಾಕಿದ. "ಇದು ಮಣ್ಣಲ್ಲರೀ ಪೈಲ್ವಾನ್ರ, ತಾಡಪತ್ರಿ!"

"ಬೆನ್ನಿಗೇನು ಗೊತ್ತೋ ತಮ್ಮಾ, ತಾಡಪತ್ರಿ?"

ಹೀಗೆ ನಾನು, ಬಿಪಿ ಗುಳಿಗೆ ನುಂಗಿದ ವಿಜ್ಞಾನದ ಮಾಸ್ತರ, ನಿಜವಾದ ಪೈಲ್ವಾನರೊಡನೆ ನಿಜವಾದ ಕುಸ್ತಿಗೆ ನಿಂತೆ. ಮೊದಲ ಸಲ ಅವರು ನನ್ನನ್ನು ಹಾಲಿನ ಕ್ಯಾನು ಇಳಿಸುವಷ್ಟೇ ಜೋಪಾನವಾಗಿ ಕೆಡವಿದರು. ಎರಡನೆಯ ಸಲವೂ ಅಷ್ಟೇ. "ಇನ್ನೊಮ್ಮೆ!" ಎಂದು ಕ್ಯಾಮೆರಾದ ಹಿಂದಿನಿಂದ ಕೂಗು ಬಂತು. ಮೂರನೆಯ ಸಲ ಎದ್ದಾಗ ನನ್ನ ಧೋತರದ ಸುತ್ತುಗಳು ಸಡಿಲಾಗಿ ನೆಲದ ಮೇಲೆಲ್ಲ ಹರಡಿದ್ದವು. ಅವರು ನನಗೆ ಬೆನ್ನು ತಿರುಗಿಸಿ, ನನ್ನನ್ನು ಸೊಂಟದ ಮೇಲೆ ಎತ್ತಲು ಹಿಂದೆ ಸರಿದರು, ಪಟ್ಟಿಯೊಂದು ಅವರ ಕಾಲಿಗೆ ತೊಡರಿತು. ನಾನು ಮೊದಲು ಬಿದ್ದೆ. ನನ್ನ ಮೇಲೆ ಅವರು ಅಂಗಾತ ಬಿದ್ದರು. ಲಟಕ್ ಎಂದಿತು. ಕೆಳಗಿನ ಹಲಗೆ ಎಂದುಕೊಂಡೆ.

"ಓಕೆ! ಮಸ್ತ್ ಬಂತು!"

ಪೈಲ್ವಾನರು ಏಳಲಿಲ್ಲ. ಮುಖವಾಡದೊಳಗಿನಿಂದ ಸಣ್ಣ ದನಿಯಲ್ಲಿ ಕೇಳಿದರು: "ಮಾಸ್ತರ್ರ, ಹತ್ತಿತೇನು? ಈ ಕಂಬಳಿಯಾಗ ಏನೂ ತಿಳೀವಲ್ದು."

"ಹತ್ತ್ಯದ, ಹತ್ತ್ಯದ!" ಎಂದ ನನ್ನ ಹೆಂಡತಿಯ ತಮ್ಮ.

"ನಿನ್ನ ಕೇಳಲಿಲ್ಲ. ಕೆಳಗ ಇದ್ದವರನ್ನ ಕೇಳಾಕತ್ತೀನಿ."

ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ನಾಳೆ ವಿಡಿಯೋದಲ್ಲಿ ಬೇರೆ ಕಂಡರೆ? ಕುತ್ತಿಗೆ ತಿರುಗಿಸುವಷ್ಟು ತಿರುಗಿಸಿ ನೋಡಿದೆ. "ಎಡಗಡೆ ಹೆಗಲು ಹತ್ತ್ಯದರೀ. ಬಲಗಡೆದು ನನ್ನ ಎದಿ ಮ್ಯಾಲ ಅದ. ಇನ್ನೂ ಅದ."

ಅವರು ನನ್ನ ಮೇಲೆ ಮಲಗಿಕೊಂಡೇ ಯೋಚಿಸಿದರು. ಅವಸರವೇನೂ ಮಾಡಲಿಲ್ಲ. "ಎರಡೂ ಹತ್ತಿದ್ರ ಚಿತ್. ಒಂದ ಹತ್ತಿದ್ರ ಅಲ್ಲ," ಎಂದು ತೀರ್ಪು ಹೇಳಿ ಎದ್ದರು. ಆ ದೃಶ್ಯ ಹಾಗೆಯೇ ಸಿನಿಮಾದಲ್ಲಿ ಇರಲಿ ಎಂದೂ ಒಪ್ಪಿದರು. ನಿಜ ಏನೆಂದು ಆಡಿದವರಿಬ್ಬರಿಗೂ ಗೊತ್ತಿದ್ದರೆ ಸಾಕು ಎಂಬುದು ಅವರ ಲೆಕ್ಕ.

ಆ ಸಂಜೆ ಎದೆಯ ಎಡಭಾಗ ಚಳುಕು ಹಿಡಿಯಿತು. ಎಡಭಾಗ ಎಂದ ಮೇಲೆ ಇನ್ನೇನು, ಹಾರ್ಟು ಎಂದು ತೀರ್ಮಾನಿಸಿ ಹೆಂಡತಿಗೆ ಬ್ಯಾಂಕಿನ ಪಾಸ್‌ವರ್ಡುಗಳನ್ನೆಲ್ಲ ಹೇಳಿದೆ. ಮರುದಿನ ರಾಯಚೂರಿನಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, ಹೃದಯಕ್ಕೇನೂ ಆಗಿಲ್ಲ, ಪಕ್ಕೆಲುಬು ಒಂದು ಬಿರುಕು ಬಿಟ್ಟಿದೆ ಎಂದರು. ಜೀವಮಾನವಿಡೀ ಏನಾದರೂ ಆದೀತು ಎಂದು ಕಾದವನಿಗೆ ಕೊನೆಗೂ ಒಂದು ಆಯಿತಲ್ಲ ಎಂದು ಒಂದು ಬಗೆಯ ಸಮಾಧಾನವೂ ಆಯಿತು. ಪಾಸ್‌ವರ್ಡುಗಳನ್ನು ಬದಲಿಸಬೇಕಾಯಿತು, ಅಷ್ಟೆ.

ಶ್ರಾವಣ ಮುಗಿಯುವ ಮೊದಲೇ ಸಿನಿಮಾ ಎಲ್ಲರ ಮೊಬೈಲಿಗೆ ಬಂತು. ಒಂದು ಭಾನುವಾರ ಪೈಲ್ವಾನರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಹಾಲು ಹಾಕಲು ಹೋದಲ್ಲೆಲ್ಲ ಅದೇ ಮಾತಂತೆ. ದೇವದುರ್ಗದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬ, "ಏನ್ ಪೈಲ್ವಾನ್, ಮಂದಿ ಕೆಡವಲಿಲ್ಲ, ಹೆಣ ಕೆಡವಿತಂತಲ್ಲ!" ಎಂದನಂತೆ. ವಿಡಿಯೋ ನಿಲ್ಲಿಸಿ ತೋರಿಸೋಣವೆಂದರೆ ಧೋತರ ಅಡ್ಡ ಬಂದು ಹೆಗಲು ಕಾಣುವುದಿಲ್ಲ.

"ಆಕಿ ಮೂರು ದಿನದಿಂದ ನನ್ನ ಕೂಡ ಮಾತಾಡವಲ್ಲಳರೀ," ಎಂದರು. ಆಮೇಲೆ ನನ್ನ ಎದೆಗೆ ಕಟ್ಟಿದ್ದ ಪಟ್ಟಿಯನ್ನು ನೋಡಿದರು. "ಶೂಟಿಂಗ್ ಮುಗದು ಎಷ್ಟು ದಿನ ಆತು. ಇನ್ನೂ ಬಿಚ್ಚಿಲ್ಲೇನು?"

ನಾನು ವಿಷಯ ಹೇಳಿ ಎಕ್ಸ್‌ರೇ ತಂದು ತೋರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು ಬಿರುಕಿನ ಮೇಲೆ ಬೆರಳಿಟ್ಟರು. ಬಹಳ ಹೊತ್ತು ನೋಡಿದರು. ನನಗೆ ನೋವಾಯಿತೇ ಎಂದು ಕೇಳುತ್ತಾರೆಂದುಕೊಂಡೆ.

"ನನ್ನ ಹೆಗಲು ತಾಡಪತ್ರಿಗೆ ಹತ್ತಿದ್ರ ಇದು ಮುರೀತಿತ್ತೇನು?"

"ಇಲ್ಲರೀ."

"ಇದನ್ನ ಒಯ್ಯಲೇನು?"

ಒಯ್ದರು. ಒಂದೂವರೆ ತಿಂಗಳ ಮೇಲೆ ಮಸರಕಲ್ಲಿಗೆ ಹೋದಾಗ ಅವರ ಹೆಂಡತಿ ಅದನ್ನು ಪ್ಲಾಸ್ಟಿಕ್ಕಿನ ಚೀಲದಿಂದ ತೆಗೆದು, ಬಾಗಿಲ ಬೆಳಕಿಗೆ ಹಿಡಿದು, ಜಾಲಹಳ್ಳಿಯಿಂದ ಬಂದ ಬೀಗರಿಗೆ ತೋರಿಸುತ್ತಿದ್ದರು. "ಇಲ್ನೋಡ್ರಿ, ಈ ಗೆರಿ. ನಮ್ಮವರ ಬಲ ಹೆಗಲು ಇಲ್ಲಿತ್ತು. ಬೇಕಾದ್ರ ಕೇಳ್ರಿ, ಎಲುಬಿನ ಮಾಸ್ತರ ಇಲ್ಲೇ ಕುಂತಾರ." ಬೀಗರು ಎಕ್ಸ್‌ರೇಯನ್ನೂ ನನ್ನನ್ನೂ ಸರದಿಯಂತೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಬರುವ ಸೋಮವಾರ ಡಾಕ್ಟರಲ್ಲಿ ತೋರಿಸುವುದಿದೆ, ಹಳೆಯ ಎಕ್ಸ್‌ರೇ ತನ್ನಿ ಎಂದಿದ್ದರು. ಅದನ್ನು ಮರಳಿ ಕೇಳಬೇಕೆಂದೇ ಹೋಗಿದ್ದೆ. ಕೇಳಲಿಲ್ಲ. ಪೈಲ್ವಾನರ ಹೆಂಡತಿ ಅದನ್ನು ಮತ್ತೆ ಚೀಲದಲ್ಲಿಟ್ಟು ಟ್ರಂಕಿನೊಳಗೆ, ಸೀರೆಗಳ ಕೆಳಗೆ ಇಡುವುದನ್ನು ನೋಡಿದೆ. ಡಾಕ್ಟರಿಗೆ ಏನು ಹೇಳುವುದೆಂದು ಈಗ ಕನ್ನಡಿಯ ಮುಂದೆ ಅಭ್ಯಾಸ ನಡೆದಿದೆ.